ಹಿಮ್ಮಡಿ ಮುರಿದಾಗ: ದೊಡ್ಡ ಗಾಯವಿಲ್ಲದ ಶಸ್ತ್ರಚಿಕಿತ್ಸೆ

ಮಳೆಗಾಲ ನಡುವಿಗೆ ಬಂತೆಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಲ್ಲಿ, ಸುತ್ತಲಿನ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಬಿರುಸಾಗುತ್ತದೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ತುಂಬಬೇಕು. ಒಬ್ಬರು ಕೆಳಗಿನಿಂದ ಕಡ್ಡಿ ಎತ್ತಿಕೊಡುತ್ತಾರೆ; ಇನ್ನೊಬ್ಬರು ಒಳಗಿನ ಅಡ್ಡಮರಗಳ ಮೇಲೆ ಕಾಲು ಅಗಲಿಸಿ ನಿಂತು ಅವನ್ನು ಸಾಲಾಗಿ ಜೋಡಿಸುತ್ತಾರೆ. ಕಾಲು ಜಾರಿದರೆ ನೇರ ನೆಲಕ್ಕೆ. ಬೀಳುವುದಕ್ಕೆ ಬ್ಯಾರನ್ನೇ ಆಗಬೇಕೆಂದೇನೂ ಇಲ್ಲ. ತೆಂಗಿನ ಮರ, ಹುಣಿಸೆ ಮರ, ಹೆಂಚಿನ ಸೂರು, ಹುಲ್ಲಿನ ಮೆದೆ, ಕಟ್ಟಡದ ಸಾರುವೆ ಎಲ್ಲವೂ ಅಷ್ಟೇ ಅಪಾಯಕಾರಿ.

ಹೀಗೆ ಬಿದ್ದವರು ಕಾಲೂರಿ ಬಿದ್ದಿದ್ದರೆ, ‘ಪುಣ್ಯವಂತ, ತಲೆಗೇನೂ ಆಗಲಿಲ್ಲ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಜೀವ ಉಳಿದದ್ದು ದೊಡ್ಡದೇ. ಆದರೆ ದೇಹದ ಭಾರವನ್ನೆಲ್ಲ ಒಮ್ಮೆಗೇ ತಡೆದುಕೊಂಡ ಹಿಮ್ಮಡಿಯ ಗತಿಯೇನು? ಆ ಒಂದು ಮೂಳೆ ಸರಿಯಾಗಿ ಕೂಡಿಕೊಳ್ಳದಿದ್ದರೆ ಉತ್ತ ಹೊಲದಲ್ಲಿ, ಗದ್ದೆಯ ಬದುವಿನ ಮೇಲೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಹಿಮ್ಮಡಿ ಮುರಿದ ಕೂಲಿಕಾರ ಇನ್ನು ದುಡಿಮೆಗೆ ಬರುವುದಿಲ್ಲ ಎಂದೇ ವೈದ್ಯರು ಭಾವಿಸಿದ್ದರು. ಇಂದು ಪರಿಸ್ಥಿತಿ ಹಾಗಿಲ್ಲ. ಸಣ್ಣ ಗಾಯದ ಮೂಲಕವೇ ಮುರಿದ ಮೂಳೆಯನ್ನು ಎತ್ತಿ ಕೂರಿಸುವ ವಿಧಾನಗಳು ಬಂದಿವೆ. ಆದರೆ ಅವುಗಳ ಪೂರ್ಣ ಪ್ರಯೋಜನ ಸಿಗುವುದು ಬೇಗ ಬಂದವರಿಗೆ ಮಾತ್ರ. ಎಷ್ಟು ಬೇಗ, ಏಕೆ ಎಂಬುದನ್ನು ನೋಡೋಣ.

ಮೊಟ್ಟೆಯಂತೆ ಒಡೆಯುವ ಮೂಳೆ

ಪಾದದ ಹಿಂಭಾಗದಲ್ಲಿರುವ 7 ಮೂಳೆಗಳಲ್ಲಿ ಹಿಮ್ಮಡಿ ಮೂಳೆಯೇ ಎಲ್ಲಕ್ಕಿಂತ ದೊಡ್ಡದು. ಹೊರಗೆ ತೆಳುವಾದ ಗಟ್ಟಿ ಕವಚ, ಒಳಗೆ ಜೇನುಗೂಡಿನಂಥ ಮೃದು ಮೂಳೆ. ಮೊಟ್ಟೆಯನ್ನು ನೆನಪಿಸಿಕೊಳ್ಳಿ. ಇದರ ಮೇಲೆ ಟೇಲಸ್ ಎಂಬ ಮೂಳೆ ಕುಳಿತಿರುತ್ತದೆ. ಅದರ ಮೇಲೆ ಕಾಲಿನ ಮೂಳೆಗಳು. ಎತ್ತರದಿಂದ ಬಿದ್ದಾಗ ಕೆಳಗಿನಿಂದ ನೆಲ ತಳ್ಳುತ್ತದೆ, ಮೇಲಿನಿಂದ ದೇಹದ ಭಾರ ಒತ್ತುತ್ತದೆ. ನಡುವೆ ಸಿಕ್ಕ ಟೇಲಸ್, ಸೌದೆಗೆ ಬಿದ್ದ ಕೊಡಲಿಯಂತೆ ಹಿಮ್ಮಡಿ ಮೂಳೆಯೊಳಕ್ಕೆ ನುಗ್ಗುತ್ತದೆ. ಪರಿಣಾಮವಾಗಿ ಹಿಮ್ಮಡಿ ಕುಳ್ಳಾಗುತ್ತದೆ, ಅಗಲವಾಗುತ್ತದೆ, ಎಷ್ಟೋ ವೇಳೆ ಒಂದು ಪಕ್ಕಕ್ಕೆ ವಾಲುತ್ತದೆ.

ದೇಹದ ಒಟ್ಟು ಮೂಳೆ ಮುರಿತಗಳಲ್ಲಿ ಹಿಮ್ಮಡಿಯ ಪಾಲು ನೂರಕ್ಕೆ ಒಂದೆರಡು ಮಾತ್ರ. ಆದರೆ ಅವುಗಳಲ್ಲಿ ನಾಲ್ಕನೇ ಮೂರರಷ್ಟು ಮುರಿತಗಳು ಕೀಲಿನೊಳಗೇ ಹಾದುಹೋಗುತ್ತವೆ. ಯಾವ ಕೀಲು? ಹಿಮ್ಮಡಿ ಮೂಳೆಗೂ ಟೇಲಸ್‌ಗೂ ನಡುವಣ ಕೀಲು. ನಿಮ್ಮ ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸಿ ನೋಡಿ. ಆ ಚಲನೆ ಬಹುಮಟ್ಟಿಗೆ ಈ ಕೀಲಿನದು. ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಡೆಯುವವರಿಗೆ ಇದರ ಬೆಲೆ ಅಷ್ಟಾಗಿ ತಿಳಿಯುವುದಿಲ್ಲ. ಕಲ್ಲು, ಹೆಂಟೆ, ಬದು, ಇಳಿಜಾರುಗಳ ಮೇಲೆ ನಡೆದು ಬದುಕುವ ರೈತರಿಗೆ ಹೆಜ್ಜೆ ಹೆಜ್ಜೆಗೂ ಇದು ಬೇಕು. ಕೀಲಿನ ಮೈ ಏರುಪೇರಾಗಿ ಕೂಡಿಕೊಂಡರೆ ಅದು ಬಿಗಿಯುತ್ತದೆ, ಸವೆಯುತ್ತದೆ, ವರ್ಷಗಳ ಕಾಲ ನೋಯುತ್ತದೆ. ಅಗಲವಾಗಿ ಉಬ್ಬಿದ ಮೂಳೆ ಹೊರಗಿನ ಗಿಣ್ಣಿನ ಕೆಳಗೆ ಸ್ನಾಯುರಜ್ಜುಗಳನ್ನು ಒತ್ತುತ್ತದೆ. ಚಪ್ಪಲಿಯೂ ಸರಿಯಾಗಿ ಕೂರುವುದಿಲ್ಲ.

ಗುರುತಿಸುವುದು ಹೇಗೆ?

ಬಿದ್ದ ಮೇಲೆ ಹಿಮ್ಮಡಿ ಊರಲಾಗದಷ್ಟು ನೋವು, ಕೆಲವೇ ಗಂಟೆಗಳಲ್ಲಿ ಏರುವ ಊತ, ಗಿಣ್ಣಿನ ಕೆಳಗಿನ ತಗ್ಗು ಮುಚ್ಚಿಹೋಗುವುದು ಮುಖ್ಯ ಲಕ್ಷಣಗಳು. ಒಂದೆರಡು ದಿನಗಳಲ್ಲಿ ಅಂಗಾಲಿನ ಮೇಲೆ ಕಪ್ಪು-ನೀಲಿ ಕಲೆ ಕಾಣಿಸಿಕೊಂಡರೆ ಹಿಮ್ಮಡಿ ಮುರಿದಿದೆ ಎಂದು ಬಲವಾಗಿ ಸಂಶಯಿಸಬೇಕು. ಬೆರಳುಗಳು ಅಲ್ಲಾಡುತ್ತವೆ, ಗಿಣ್ಣು ಮಡಿಚುತ್ತದೆ ಎಂದ ಮಾತ್ರಕ್ಕೆ ‘ಬರೀ ಉಳುಕು’ ಎಂದುಕೊಳ್ಳಬೇಡಿ.

ಇನ್ನೊಂದು ಮಾತು ಬಹಳ ಮುಖ್ಯ. ಹಿಮ್ಮಡಿಯನ್ನು ಮುರಿದ ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಕಾಲಿನುದ್ದಕ್ಕೂ ಏರಿ ಬೆನ್ನುಮೂಳೆಯನ್ನು ತಲುಪಬಹುದು. ಹಿಮ್ಮಡಿ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯ ಮುರಿತವೂ ಇರುತ್ತದೆ. ಕೆಲವರಿಗೆ ಎರಡೂ ಹಿಮ್ಮಡಿಗಳು ಮುರಿದಿರುತ್ತವೆ. ಕಾಲಿನ ನೋವಿನ ಮುಂದೆ ಸೊಂಟದ ನೋವು ಗಮನಕ್ಕೇ ಬರದಿರಬಹುದು. ಆದ್ದರಿಂದ ಬಿದ್ದವರನ್ನು ಎತ್ತಿ ನಡೆಸದೆ, ಬೆನ್ನು ಬಾಗದಂತೆ ಮಲಗಿಸಿ, 108 ಆಂಬುಲೆನ್ಸ್ ಕರೆಸಿ. ಬೆನ್ನನ್ನೂ ಇನ್ನೊಂದು ಕಾಲನ್ನೂ ಪರೀಕ್ಷಿಸುವಂತೆ ವೈದ್ಯರನ್ನು ನೀವಾಗಿಯೇ ಕೇಳಿ.

ಆಸ್ಪತ್ರೆಯಲ್ಲಿ ಮೊದಲು ಎಕ್ಸ್-ರೇ ತೆಗೆಯುತ್ತಾರೆ. ಅದರಲ್ಲಿ ವೈದ್ಯರು ಒಂದು ಕೋನವನ್ನು ಅಳೆಯುತ್ತಾರೆ. 1925ರಲ್ಲಿ ವಿಯೆನ್ನಾ ನಗರದಲ್ಲಿ ಅಪಘಾತಗಳಿಗೆಂದೇ ಆಸ್ಪತ್ರೆ ತೆರೆದ ಲೊರೆಂಜ್ ಬ್ಯೋಲರ್ ಎಂಬ ವೈದ್ಯರ ಹೆಸರು ಈ ಕೋನಕ್ಕಿದೆ. ಆರೋಗ್ಯವಂತರಲ್ಲಿ ಇದು 20ರಿಂದ 40 ಡಿಗ್ರಿ. ಮೂಳೆ ಕುಸಿದಷ್ಟೂ ಕೋನ ಇಳಿಯುತ್ತದೆ. ಸೊನ್ನೆಗಿಂತ ಕೆಳಗೂ ಹೋಗಬಹುದು. ಕೀಲು ಎಷ್ಟು ತುಂಡಾಗಿದೆ ಎಂಬುದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. ಈ ಸ್ಕ್ಯಾನ್ ಆಧರಿಸಿ ಅಮೆರಿಕದ ವೈದ್ಯ ಸ್ಯಾಂಡರ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ತುಂಡುಗಳು ಜರುಗದಿದ್ದರೆ ಒಂದನೇ ವರ್ಗ, ಕೀಲು ಎರಡು ತುಂಡಾಗಿದ್ದರೆ ಎರಡನೇ ವರ್ಗ, ಮೂರಾದರೆ ಮೂರನೆಯದು, ನಾಲ್ಕು ಅಥವಾ ಹೆಚ್ಚು ತುಂಡಾಗಿದ್ದರೆ ನಾಲ್ಕನೆಯದು.

ದೊಡ್ಡ ಗಾಯದ ತೊಂದರೆ

ಮುರಿದ ಮೂಳೆಯನ್ನು ತೆರೆದು, ಕಣ್ಣಾರೆ ಕಂಡು, ತುಂಡುಗಳನ್ನು ಜೋಡಿಸಿ, ಪ್ಲೇಟು ಸ್ಕ್ರೂಗಳಿಂದ ಬಿಗಿದರೆ ಮುಗಿಯಿತಲ್ಲ ಎನಿಸಬಹುದು. 1990ರ ದಶಕದಲ್ಲಿ ಬಳಕೆ ಹೆಚ್ಚಿದ ವಿಧಾನ ಅದೇ. ಹಿಮ್ಮಡಿಯ ಹೊರಬದಿಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಉದ್ದಕ್ಕೆ ಕೊಯ್ದು, ಚರ್ಮವನ್ನು ಮೂಳೆಯಿಂದ ಬಿಡಿಸಿ ಮೇಲಕ್ಕೆತ್ತಿ, ಒಳಗೆ ಕೆಲಸ ಮಾಡುತ್ತಿದ್ದರು. ಈಗಲೂ ತೀರ ಜಟಿಲವಾದ ಮುರಿತಗಳಿಗೆ ಇದು ಬೇಕಾಗುತ್ತದೆ.

ಆದರೆ ಈ ಭಾಗದ ಚರ್ಮವನ್ನು ಒಮ್ಮೆ ಮುಟ್ಟಿ ನೋಡಿ. ತೊಡೆಯಲ್ಲಿರುವಂತೆ ಇಲ್ಲಿ ಕೆಳಗೆ ದಪ್ಪ ಮಾಂಸಖಂಡಗಳಿಲ್ಲ. ಚರ್ಮ, ಅದರಡಿಯಲ್ಲೇ ಮೂಳೆ. ರಕ್ತನಾಳಗಳೂ ಸಣ್ಣವು. ಬಿದ್ದ ಪೆಟ್ಟಿಗೆ ಈ ಚರ್ಮ ಮೊದಲೇ ಊದಿ, ಬಿಗಿದು, ಬೊಬ್ಬೆ ಎದ್ದು ನಲುಗಿರುತ್ತದೆ. ಅದರ ಮೇಲೆ ಉದ್ದ ಕೊಯ್ದರೆ ಅಂಚು ಕಪ್ಪಾಗಬಹುದು, ಹೊಲಿಗೆ ಬಿಚ್ಚಬಹುದು, ಕೀವು ತುಂಬಿ ಮೂಳೆಗೂ ಸೋಂಕು ತಗುಲಬಹುದು. ಹೀಗಾಗಿ ಊತ ಇಳಿದು ಚರ್ಮ ಮತ್ತೆ ಸುಕ್ಕುಗಟ್ಟುವವರೆಗೆ, ಅಂದರೆ ಒಂದರಿಂದ ಎರಡು ವಾರ, ವೈದ್ಯರು ಕಾಯಬೇಕಾಗುತ್ತದೆ.

ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ರೋಗಿಗಳನ್ನು ಒಳಗೊಂಡ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೆರೆದ ಶಸ್ತ್ರಚಿಕಿತ್ಸೆ ಪಡೆದವರನ್ನೂ ಶಸ್ತ್ರಚಿಕಿತ್ಸೆ ಇಲ್ಲದೆ ಚಿಕಿತ್ಸೆ ಪಡೆದವರನ್ನೂ ಎರಡು ವರ್ಷಗಳ ನಂತರ ಹೋಲಿಸಿದಾಗ ನೋವಿನಲ್ಲಾಗಲಿ, ನಡಿಗೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೊಡಕುಗಳು ಮಾತ್ರ ಕೊಯ್ಸಿಕೊಂಡವರಲ್ಲೇ ಹೆಚ್ಚು. ಹಿಮ್ಮಡಿಯ ಆಕಾರ ತೀರ ಕೆಟ್ಟಿದ್ದವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಒಟ್ಟಿನಲ್ಲಿ ವೈದ್ಯರ ಮುಂದೆ ನಿಂತ ಪ್ರಶ್ನೆ ಇದು: ಮೂಳೆಯನ್ನು ಸರಿಯಾಗಿ ಕೂರಿಸಬೇಕು, ಆದರೆ ಚರ್ಮವನ್ನು ಕೆಡಿಸಬಾರದು. ಇದಕ್ಕೆ ದಾರಿಯೇನು?

ಸಣ್ಣ ಗಾಯದ ದಾರಿ

ದಾರಿ ಪೂರ್ತಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ಪೀಟರ್ ಎಸೆಕ್ಸ್-ಲೊಪ್ರೆಸ್ಟಿ ಎಂಬ ಶಸ್ತ್ರವೈದ್ಯರು ಹಿಮ್ಮಡಿಯ ಹಿಂದಿನಿಂದ ಒಂದು ದಪ್ಪ ಮೊಳೆಯನ್ನು ತೂರಿಸಿ, ಅದನ್ನೇ ಹಿಡಿಯಂತೆ ಬಳಸಿ, ಕುಸಿದ ಮೂಳೆಯನ್ನು ಮೀಟಿ ಎತ್ತುವ ಕ್ರಮವನ್ನು ವಿವರಿಸಿದ್ದರು. ಅವರ ಮರಣಾನಂತರ, 1952ರಲ್ಲಿ, ಆ ಲೇಖನ ಪ್ರಕಟವಾಯಿತು. ಆಗ ಇಲ್ಲದೆ ಈಗ ಇರುವ ಅನುಕೂಲಗಳು ಎರಡು. ಮುರಿತದ ನಕ್ಷೆಯನ್ನು ಮೊದಲೇ ಕೊಡುವ ಸಿ.ಟಿ. ಸ್ಕ್ಯಾನ್ ಒಂದು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ಇನ್ನೊಂದು.

ಈಗ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಕತ್ತರಿಸುವುದೇ ಇಲ್ಲವೆನ್ನಬೇಕು. ಅಲ್ಲಲ್ಲಿ ಚುಚ್ಚಿದಷ್ಟು ರಂಧ್ರ ಮಾಡಿ, ಅದರ ಮೂಲಕ ಸಲಾಕೆಯನ್ನು ತೂರಿಸಿ, ಪರದೆಯಲ್ಲಿ ನೋಡುತ್ತ ಕುಸಿದ ತುಂಡನ್ನು ಮೇಲೆತ್ತುತ್ತಾರೆ. ಹಿಮ್ಮಡಿಯನ್ನು ಎಳೆದು ಉದ್ದ ಸರಿಪಡಿಸಿ, ಎರಡು ಬದಿಯಿಂದ ಒತ್ತಿ ಅಗಲ ತಗ್ಗಿಸುತ್ತಾರೆ. ನಂತರ ತಂತಿ ಅಥವಾ ಸ್ಕ್ರೂಗಳಿಂದ ಬಿಗಿಯುತ್ತಾರೆ. ತುಂಡುಗಳು ಕಡಿಮೆಯಿದ್ದಾಗ, ಅದರಲ್ಲೂ ಹಿಂಭಾಗದ ತುಂಡು ನಾಲಿಗೆಯಂತೆ ಮೇಲೆದ್ದಿರುವಾಗ, ಈ ಬಗೆ ಬಹಳ ಉಪಯುಕ್ತ.

ಎರಡನೆಯ ಬಗೆಗೆ ನಿಮ್ಮ ಪಾದವನ್ನೇ ನೋಡಿಕೊಳ್ಳಿ. ಹೊರಗಿನ ಗಿಣ್ಣಿನ ಕೆಳಗೆ, ತುಸು ಮುಂದಕ್ಕೆ ಬೆರಳಿಟ್ಟರೆ ಒಂದು ಚಿಕ್ಕ ಕುಳಿ ಸಿಗುತ್ತದೆ. ಅಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಕೊಯ್ದರೆ ಮುರಿದ ಕೀಲಿನ ಬಾಯಿ ನೇರವಾಗಿ ಕಣ್ಣಿಗೆ ಬೀಳುತ್ತದೆ. ಚರ್ಮವನ್ನು ದೊಡ್ಡದಾಗಿ ಬಿಡಿಸುವ ಅಗತ್ಯವಿಲ್ಲ. ವೈದ್ಯರು ಕೀಲಿನ ಮೈಯನ್ನು ನೋಡಿಯೇ ಸಮಮಾಡಿ, ಚಿಕ್ಕ ಪ್ಲೇಟನ್ನು ಚರ್ಮದಡಿಯಲ್ಲಿ ಜಾರಿಸಿ, ಉಳಿದ ಸ್ಕ್ರೂಗಳನ್ನು ಹಿಮ್ಮಡಿಯ ಹಿಂದಿನಿಂದ ಚುಚ್ಚುಗಾಯಗಳ ಮೂಲಕ ಹಾಕುತ್ತಾರೆ. ಎರಡು ಮೂರು ತುಂಡಾದ ಕೀಲುಗಳಿಗೆ ಇದು ಹೆಚ್ಚು ಒಪ್ಪುತ್ತದೆ. ದೊಡ್ಡ ಗಾಯದ ವಿಧಾನಕ್ಕೆ ಹೋಲಿಸಿದರೆ ಇಂಥ ಮುರಿತಗಳಲ್ಲಿ ಮೂಳೆ ಸುಮಾರಾಗಿ ಅಷ್ಟೇ ಚೆನ್ನಾಗಿ ಕೂರುತ್ತದೆ, ಗಾಯದ ತೊಡಕುಗಳು ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ.

ಹಾಗೆಂದು ಗಾಯ ಸಣ್ಣದು, ಆದ್ದರಿಂದ ಪೆಟ್ಟೂ ಸಣ್ಣದು ಎಂದು ತಿಳಿಯಬಾರದು. ಒಳಗೆ ಮುರಿದದ್ದು ಅದೇ ಮೂಳೆ. ಹೊರಪಾದದ ಸ್ಪರ್ಶದ ನರಕ್ಕೆ ಪೆಟ್ಟಾಗಿ ಜೋಮು ಬರಬಹುದು, ಸೋಂಕು ಅಪರೂಪಕ್ಕಾದರೂ ತಗುಲಬಹುದು, ತುಂಡು ಪೂರ್ತಿ ಕೂರದೆ ಇರಬಹುದು. ಕಿರಿದಾದ ಕಿಂಡಿಯಲ್ಲಿ ಕೆಲಸ ಮಾಡಲು ವೈದ್ಯರಿಗೆ ವಿಶೇಷ ಅನುಭವವೂ ಬೇಕು.

ಹತ್ತು ದಿನಗಳ ಲೆಕ್ಕ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಮುರಿದ ಮೂಳೆ ಸುಮ್ಮನಿರುವುದಿಲ್ಲ. ಮೊದಲ ದಿನದಿಂದಲೇ ಅದು ಕೂಡಿಕೊಳ್ಳಲು ಹವಣಿಸುತ್ತದೆ. ತುಂಡುಗಳ ನಡುವೆ ಹೆಪ್ಪುಗಟ್ಟಿದ ರಕ್ತ ದಿನಕಳೆದಂತೆ ಅಂಟಾಗಿ, ನಾರಾಗಿ, ಕೊನೆಗೆ ಮೂಳೆಯಾಗುತ್ತದೆ. ದೊಡ್ಡದಾಗಿ ತೆರೆದಿದ್ದರೆ ಈ ಅಂಟನ್ನು ಬಿಡಿಸಲು ಜಾಗವಿರುತ್ತದೆ. ಸಣ್ಣ ಕಿಂಡಿಯಿಂದ ಅದು ಕಷ್ಟ. ಆದ್ದರಿಂದ ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಮೊದಲ ವಾರದಲ್ಲಿ, ತಡವಾದರೆ ಹತ್ತು ದಿನಗಳ ಆಸುಪಾಸಿನಲ್ಲಿ ನಡೆದರೆ ಒಳ್ಳೆಯದು. ಎರಡು ವಾರ ದಾಟಿದರೆ ತುಂಡುಗಳನ್ನು ಎತ್ತುವುದು ದುಸ್ತರ. ಇಲ್ಲಿ ಚರ್ಮವೂ ಸಹಕರಿಸುತ್ತದೆ: ಗಾಯ ಸಣ್ಣದಾದ್ದರಿಂದ ಊತ ಪೂರ್ತಿ ಇಳಿಯಲೆಂದು ಅಷ್ಟು ದಿನ ಕಾಯಬೇಕಾಗಿಲ್ಲ.

ಆದರೆ ನಮ್ಮ ಹಳ್ಳಿಗಳಲ್ಲಿ ಈ ಹತ್ತು ದಿನಗಳು ಹೇಗೆ ಕಳೆದುಹೋಗುತ್ತವೆ ಗೊತ್ತೇ? ಮೊದಲ ಎರಡು ದಿನ ‘ಉಳುಕು, ತಾನೇ ಇಳಿಯುತ್ತದೆ’ ಎಂದು. ಆಮೇಲೆ ಎಣ್ಣೆ ಹಚ್ಚಿ ನೀವಿಸುವುದು. ಬಳಿಕ ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸುವುದು. ಬೇಯಿಸುವ ಕೆಲಸ ಅರ್ಧಕ್ಕೆ ನಿಂತಿದೆ, ಅದು ಮುಗಿಯಲಿ ಎಂದು ಇನ್ನೊಂದು ವಾರ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹುಣಸೂರಿನ ಮೇಲೆ ಸುಮಾರು 70 ಕಿಲೋಮೀಟರ್. ದೂರಕ್ಕಿಂತ ಈ ಕಾಯುವಿಕೆಯೇ ಹೆಚ್ಚು ನಷ್ಟ ಮಾಡುತ್ತದೆ. ಊದಿದ ಪಾದಕ್ಕೆ ಬಿಗಿಯಾದ ಕಟ್ಟು ಹಾಕಿದರೆ ರಕ್ತಸಂಚಾರ ನಿಂತು ಬೆರಳುಗಳಿಗೇ ಸಂಚಕಾರ ಬರಬಹುದು.

ಎರಡು ಸಂದರ್ಭಗಳಲ್ಲಂತೂ ದಿನಗಳ ಲೆಕ್ಕವೂ ಇಲ್ಲ, ಗಂಟೆಗಳ ಲೆಕ್ಕ. ಮುರಿದ ತುಂಡು ಹಿಮ್ಮಡಿಯ ಹಿಂದಿನ ಚರ್ಮವನ್ನು ಒಳಗಿನಿಂದ ಒತ್ತಿ ಬಿಳಿಚಿಸಿದ್ದರೆ ಆ ಚರ್ಮ ಬೇಗ ಸತ್ತುಹೋಗುತ್ತದೆ. ಹಾಗೆಯೇ ಔಷಧಿಗೂ ಬಗ್ಗದ ನೋವು, ಬೆರಳನ್ನು ಮೇಲಕ್ಕೆಳೆದರೆ ಅಸಹನೀಯವಾಗುವ ನೋವು, ಪಾದ ಜೋಮು ಹಿಡಿಯುವುದು ಇದ್ದರೆ ಪಾದದೊಳಗೆ ಒತ್ತಡ ಏರಿದೆ ಎಂದರ್ಥ. ಇವೆರಡಕ್ಕೂ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆ?

ಬೇಡ. ತುಂಡುಗಳು ಜರುಗದಿದ್ದರೆ, ಕೀಲಿಗೆ ಪೆಟ್ಟಾಗದೆ ಹಿಮ್ಮಡಿಯ ಆಕಾರ ಉಳಿದಿದ್ದರೆ, ಕಾಲೂರದೆ ವಿಶ್ರಾಂತಿ, ಬೆರಳು ಮತ್ತು ಗಿಣ್ಣಿನ ವ್ಯಾಯಾಮ ಸಾಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕಾಲಿನ ರಕ್ತಸಂಚಾರದ ದೋಷ ಇರುವವರಿಗೆ, ಹೆಚ್ಚು ಓಡಾಡದ ವಯೋವೃದ್ಧರಿಗೆ ಶಸ್ತ್ರಚಿಕಿತ್ಸೆಯ ಅಪಾಯವೇ ಲಾಭಕ್ಕಿಂತ ಹೆಚ್ಚಾಗಬಹುದು. ನಾಲ್ಕನೇ ವರ್ಗದ ಮುರಿತಗಳಲ್ಲಿ ಕೀಲು ಎಷ್ಟು ಜೋಡಿಸಿದರೂ ಸವೆಯುವ ಸಂಭವವಿದೆ. ಕೆಲವರಿಗೆ ಆ ಕೀಲನ್ನು ಶಾಶ್ವತವಾಗಿ ಬೆಸೆಯುವುದೇ ನೋವಿಗೆ ಪರಿಹಾರ. ಆದ್ದರಿಂದ ‘ಪಕ್ಕದ ಊರಿನವರಿಗೆ ಆಪರೇಷನ್ ಮಾಡಿದರು, ನನಗೇಕಿಲ್ಲ?’ ಎಂದು ಕೇಳುವುದಕ್ಕಿಂತ ‘ನನ್ನ ಮುರಿತ ಕೀಲಿಗೆ ಹೋಗಿದೆಯೇ? ಎಷ್ಟು ತುಂಡು? ಸಣ್ಣ ಗಾಯದಲ್ಲಿ ಆಗುತ್ತದೆಯೇ?’ ಎಂದು ಕೇಳಿ.

ಇನ್ನು ತಂಬಾಕು. ಅದು ಈ ಸೀಮೆಗೆ ಅನ್ನ ಕೊಡುವ ಬೆಳೆ. ಆ ಚರ್ಚೆ ಇಲ್ಲಿ ಬೇಡ. ಆದರೆ ಮುರಿದ ಹಿಮ್ಮಡಿಗೆ ಅದು ಶತ್ರು. ಬೀಡಿ, ಸಿಗರೇಟಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಹಿಮ್ಮಡಿಯ ಚರ್ಮಕ್ಕೆ ಅದೂ ತಪ್ಪಿದರೆ ಗಾಯ ಮಾಯುವುದು ಹೇಗೆ? ಸೇದುವವರಲ್ಲಿ ಗಾಯದ ತೊಡಕು, ಸೋಂಕು ಹೆಚ್ಚೆಂಬುದು ದೃಢಪಟ್ಟಿದೆ. ಬಾಯಲ್ಲಿ ಹಾಕಿಕೊಳ್ಳುವ ತಂಬಾಕಿನಲ್ಲೂ ನಿಕೋಟಿನ್ ಇದೆ. ಬಿದ್ದ ದಿನದಿಂದ ಮೂಳೆ ಕೂಡುವವರೆಗಾದರೂ ಪೂರ್ತಿ ಬಿಡಿ. ಎಷ್ಟು ಸೇದುತ್ತೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಶಸ್ತ್ರಚಿಕಿತ್ಸೆಯ ನಂತರ

ಹೊಲಿಗೆಗಳನ್ನು ಸಾಮಾನ್ಯವಾಗಿ ಎರಡು-ಮೂರು ವಾರಗಳಲ್ಲಿ ಬಿಚ್ಚುತ್ತಾರೆ. ಗಾಯ ಚೆನ್ನಾಗಿದ್ದರೆ ಬೆರಳು, ಗಿಣ್ಣುಗಳ ಚಲನೆಯನ್ನು ಬೇಗನೆ ಆರಂಭಿಸುತ್ತಾರೆ; ಆಮೇಲೆ ಪಾದವನ್ನು ಒಳಗೂ ಹೊರಗೂ ವಾಲಿಸುವ ವ್ಯಾಯಾಮ. ಆದರೆ ಭಾರ ಹಾಕುವಂತಿಲ್ಲ. ಆರರಿಂದ ಎಂಟು ವಾರ, ಕೆಲವೊಮ್ಮೆ ಮೂರು ತಿಂಗಳು ಊರುಗೋಲೇ ಗತಿ. ನೋವಿಲ್ಲವೆಂದು ಅವಸರಪಟ್ಟು ಕಾಲೂರಿದರೆ ಎತ್ತಿ ಕೂರಿಸಿದ ತುಂಡು ಮತ್ತೆ ಕುಸಿಯುತ್ತದೆ. ಹೊರಗೆ ತುದಿ ಕಾಣುವ ತಂತಿಗಳಿದ್ದರೆ ಮೂಳೆ ಕೂಡಿದ ಮೇಲೆ ತೆಗೆಯುತ್ತಾರೆ. ಒಳಗಿನ ಸ್ಕ್ರೂಗಳು ತೊಂದರೆ ಕೊಡದಿದ್ದರೆ ಹಾಗೆಯೇ ಇರಬಹುದು.

ಮರ ಹತ್ತುವ, ಮೂಟೆ ಹೊರುವ ಕೆಲಸಕ್ಕೆ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ಸುಧಾರಣೆ ಒಂದೆರಡು ವರ್ಷಗಳವರೆಗೂ ನಿಧಾನವಾಗಿ ನಡೆಯುತ್ತದೆ. ಸ್ವಲ್ಪ ಬಿಗಿತ, ಚಳಿಗಾಲದ ಮುಂಜಾನೆಯ ನೋವು ಉಳಿಯುವುದು ಸಾಮಾನ್ಯ. ಇದನ್ನು ಮನೆಯವರೂ ತಿಳಿದಿರಬೇಕು. ಮೂರು ತಿಂಗಳಾದರೂ ದುಡಿಯುತ್ತಿಲ್ಲವೆಂದು ಮೂದಲಿಸಿದರೆ ಅವರು ಕುಂಟುತ್ತಲೇ ಹೊಲಕ್ಕಿಳಿಯುತ್ತಾರೆ, ನಷ್ಟ ಮನೆಗೇ.

ಖರ್ಚಿನ ಚಿಂತೆಯಿಂದ ತಡಮಾಡಬೇಡಿ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬಳಿಕ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ ಸರ್ಕಾರಿ ಆಸ್ಪತ್ರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಜೊತೆಗೆ ಒಯ್ಯಿರಿ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಿ, ಮುಂದಿನ ಆಸ್ಪತ್ರೆಗೆ ಚೀಟಿ ಪಡೆಯಿರಿ.

ನೆನಪಿಡಿ

ಬಿದ್ದ ಕಾಲನ್ನು ಊರಬೇಡಿ. ಮಲಗಿಸಿ, ದಿಂಬುಗಳ ಮೇಲೆ ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲಿಡಿ.

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಮ್ಮೆಗೆ 15-20 ನಿಮಿಷ ಇಡಿ. ಬಿಸಿ ಶಾಖ, ನೀವುವುದು, ಬಿಗಿ ಕಟ್ಟು ಬೇಡ.

ಬೊಬ್ಬೆಗಳನ್ನು ಚುಚ್ಚಿ ಒಡೆಯಬೇಡಿ.

ಬೆನ್ನು ನೋವಿದ್ದರೆ ಕೂರಿಸಬೇಡಿ, ಬೈಕಿನಲ್ಲಿ ಒಯ್ಯಬೇಡಿ.

ಎರಡು ದಿನಗಳೊಳಗೆ ಎಕ್ಸ್-ರೇ, ಮುರಿತವಿದ್ದರೆ ಅದೇ ವಾರದಲ್ಲಿ ಮೂಳೆ ತಜ್ಞರ ಭೇಟಿ.

ಕೊನೆಯದಾಗಿ, ಮುರಿಯದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಬ್ಯಾರನ್ ತುಂಬುವ ಮುನ್ನ ಅಡ್ಡಮರಗಳಲ್ಲಿ ಹುಳು ಹಿಡಿದಿದೆಯೇ, ಸಡಿಲವಾಗಿದೆಯೇ ಎಂದು ತಟ್ಟಿ ನೋಡಿ. ಒದ್ದೆ ಕಾಲಿನಲ್ಲಿ, ಕುಡಿದು, ನಿದ್ದೆಗಣ್ಣಿನಲ್ಲಿ ಹತ್ತಬೇಡಿ. ಮರ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲಿ. ಇಷ್ಟಾದರೂ ಯಾರಾದರೂ ಬಿದ್ದು ಹಿಮ್ಮಡಿ ಹಿಡಿದು ನರಳಿದರೆ, ಆ ದಿನದ ತಾರೀಖನ್ನು ಬರೆದಿಟ್ಟುಕೊಳ್ಳಿ. ಹತ್ತು ದಿನಗಳ ಲೆಕ್ಕ ಅಂದಿನಿಂದಲೇ ಆರಂಭ.